ತಲೆ ಸವೆದ ತಿರುಪು

ಯಾರದಾದರೂ ಬುದ್ಧಿ ಸ್ವಲ್ಪ ಆಚೀಚೆಯಾಗಿದೆ ಎನ್ನಬೇಕಾದರೆ ನಾವು ‘ಅವನದೊಂದು ಸ್ಕ್ರೂ ಲೂಸು’ ಎನ್ನುತ್ತೇವೆ. ಸಡಿಲವಾದ ಸ್ಕ್ರೂವಿನ ಮೇಲೆ ನಮಗೆ ಇಷ್ಟು ತಾತ್ಸಾರ ಯಾಕೋ! ಸಡಿಲವಾದದ್ದನ್ನು ಬಿಗಿ ಮಾಡಲು ಅರ್ಧ ನಿಮಿಷ ಸಾಕು. ಮನೆಯಲ್ಲಿ ಸ್ಕ್ರೂಡ್ರೈವರ್ ಸಿಗದಿದ್ದರೆ ಅಡುಗೆಮನೆಯ ಚಾಕುವಿನ ತುದಿ ಇದೆ, ಅದೂ ಇಲ್ಲದಿದ್ದರೆ ಜೇಬಿನಲ್ಲಿ ಒಂದು ರೂಪಾಯಿ ನಾಣ್ಯವಾದರೂ ಇರುತ್ತದೆ. ನಿಜವಾಗಿ ಮನುಷ್ಯನನ್ನು ಅಳಿಸುವುದು ಬಿಗಿದು ಕೂತ, ತಲೆ ಸವೆದ ಸ್ಕ್ರೂ. ಅದರ ಮೇಲೆ ಗಾದೆ ಕಟ್ಟಿದವರಿಲ್ಲ, ಬೈಗುಳ ಮಾಡಿದವರೂ ಇಲ್ಲ.

ಸ್ಕ್ರೂ ಎಂಬ ಶಬ್ದ ನಮ್ಮ ಮನೆಗಳಿಗೆ ಬರುವ ಮೊದಲು ‘ತಿರುಪು’ ಇತ್ತು. ಹೆಂಗಸರ ಬೆಂಡೋಲೆಯ ಹಿಂದೆ, ಮೂಗುಬೊಟ್ಟಿನ ಹಿಂದೆ ಕೂತು ಮುಂದಿನ ಹರಳನ್ನು ಹಿಡಿದುಕೊಂಡಿರುವ ಪುಟಾಣಿಗೆ ಅದೇ ಹೆಸರು. ಓಲೆಯನ್ನು ಹೊಗಳುವವರು ನೂರು ಜನ ಸಿಗುತ್ತಾರೆ, ತಿರುಪನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಅದು ಕಳೆದುಹೋದ ದಿನ ಮಾತ್ರ ಮನೆಮಂದಿಯೆಲ್ಲ ಬಚ್ಚಲಿನ ತೂಬಿನ ಹತ್ತಿರ ಮಂಡಿಯೂರಿ ಹುಡುಕುತ್ತಾರೆ.

ನಮ್ಮ ಅಜ್ಜಿಯ ಬೆಂಡೋಲೆಯ ತಿರುಪು ಮೂವತ್ತು ವರ್ಷ ಕೂತಲ್ಲಿಂದ ಕದಲಿರಲಿಲ್ಲ. ತಲೆಗೆ ಹಾಕಿದ ಎಣ್ಣೆ, ಸೀಗೆಪುಡಿ, ಬೆವರು ಎಲ್ಲ ಸೇರಿ ಅದನ್ನು ಅಲ್ಲಿಯೇ ಬೆಸೆದುಬಿಟ್ಟಿದ್ದವು. ಒಮ್ಮೆ ಅಜ್ಜಿಗೆ ಆಪರೇಷನ್ ಆಗಬೇಕಾಗಿ ಬಂತು. ಮೈಮೇಲೆ ಒಡವೆ ಇರಕೂಡದು ಎಂದು ಡಾಕ್ಟರು ಮೊದಲೇ ಹೇಳಿ ಕಳಿಸಿದ್ದರು. ಮನೆಯಲ್ಲಿ ಯಾರು ಮುಟ್ಟಿದರೂ ಅಜ್ಜಿ ಕೂಗುತ್ತಿದ್ದಳು. ಕೊನೆಗೆ ಅಕ್ಕಸಾಲಿಗರನ್ನು ಕರೆಸಿದರು. ಅವರು ಬಿಸಿನೀರಿನಲ್ಲಿ ಅದ್ದಿದ ಹತ್ತಿಯನ್ನು ಕಿವಿಯ ಹಿಂದೆ ಹಿಡಿದು ಕೊಳೆ ನೆನೆಸಿದರು. ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ಎಲೆಅಡಿಕೆ ಹಾಕಿಕೊಂಡು ಕೂತರು. ಆಮೇಲೆ ಚಿಮಟದಲ್ಲಿ ತಿರುಪನ್ನು ಹಿಡಿದು, ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ತಿರುಗಿಸಿದರು. ‘ಬಿಚ್ಚಕ್ಕೆ ಕರೆಸಿದ್ರೆ ಬಿಗಿ ಮಾಡ್ತೀಯಲ್ಲೋ’ ಎಂದು ಅಜ್ಜಿ ರೇಗಿದಳು. ‘ಹಠ ಹಿಡಿದವರ ಹತ್ರ ಮೊದ್ಲು ಹೌದು ಅನ್ಬೇಕು ಅಮ್ಮಾ’ ಎಂದರು ಅವರು. ಮರುಕ್ಷಣ ತಿರುಪು ಅವರ ಅಂಗೈಯಲ್ಲಿತ್ತು.

ಇದರ ಲೆಕ್ಕ ಸುಲಭ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಬಂದ ಹಾಗೆ ತಿರುಗಿಸಿದರೆ ತಿರುಪು ಬಿಗಿಯುತ್ತದೆ, ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಸಡಿಲವಾಗುತ್ತದೆ. ಬಹಳ ದಿನ ಕೂತದ್ದು ಎರಡು ಲೋಹಗಳ ನಡುವೆ ಕಿಲುಬನ್ನೋ ಅಂಟನ್ನೋ ಬೆಳೆಸಿಕೊಂಡಿರುತ್ತದೆ. ಆ ಬೆಸುಗೆ ಮುರಿಯಬೇಕು ಅಷ್ಟೆ. ಯಾವ ಕಡೆಗೆ ಅಲುಗಾಡಿ ಮುರಿದರೂ ಆದೀತು.

ಈಗ ನಮ್ಮೂರಿಗೆ ಬರೋಣ. ರಿಪ್ಪನ್‌ಪೇಟೆ ಹೊಸನಗರ ತಾಲ್ಲೂಕಿನದು. 1880ರಿಂದ 1884ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ರಿಪ್ಪನ್ನನ ಹೆಸರು ಹೊತ್ತುಕೊಂಡು, ಸುತ್ತಲಿನ ಅಚ್ಚಕನ್ನಡ ಊರುಗಳ ನಡುವೆ ಕೂತಿದೆ. ವಿನಾಯಕ ವೃತ್ತದಲ್ಲಿ ನಿಂತರೆ ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ನಾಲ್ಕು ಕಡೆಗೆ ನಾಲ್ಕು ರಸ್ತೆ. ಮೇಲಿನಿಂದ ನೋಡಿದರೆ ಊರೇ ಒಂದು ಸ್ಟಾರ್ ಸ್ಕ್ರೂವಿನ ತಲೆಯಂತೆ ಕಾಣಬಹುದು. ಮಳೆಗಾಲದ ನಾಲ್ಕು ತಿಂಗಳು ಇಲ್ಲಿ ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಕಬ್ಬಿಣದ್ದೆಂದರೆ ಬಾಗಿಲಿನ ಚಿಲಕವೂ ತುಕ್ಕಿನ ವಶ. ಬಿಗಿದು ಕೂರುವ ವಿದ್ಯೆಯನ್ನು ಸ್ಕ್ರೂಗಳಿಗೆ ಇಲ್ಲಿ ಯಾರೂ ಕಲಿಸಬೇಕಾಗಿಲ್ಲ.

ಕಳೆದ ಮೇ ತಿಂಗಳಲ್ಲಿ ತಂಗಿಯ ಮಗಳು ಒಂದು ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ, ಹಸುಗೂಸನ್ನು ಹಿಡಿದ ಹಾಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅವಳು ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದಾಳೆ. ಲ್ಯಾಪ್‌ಟಾಪು ಸೆಕೆಂಡ್‌ಹ್ಯಾಂಡ್, ಅಡಿಕೆ ಮಾರಿದ ದುಡ್ಡಿನಲ್ಲಿ ಕೊಂಡದ್ದು. ಟವೆಲ್ ಬಿಚ್ಚಿದರೆ ಕೀಬೋರ್ಡಿನ ಕೆಳಗಿನ ಟಚ್‌ಪ್ಯಾಡು ಒಂದು ಕಡೆ ಎದ್ದು ನಿಂತಿತ್ತು. ತಳದ ಪ್ಲಾಸ್ಟಿಕ್ಕೂ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಉಬ್ಬಿತ್ತು. ಒಳಗೆ ಬ್ಯಾಟರಿ ಊದಿಕೊಂಡಿತ್ತು. ಲಿಥಿಯಂ ಬ್ಯಾಟರಿಗೆ ವಯಸ್ಸಾದಾಗ, ಸದಾ ಚಾರ್ಜಿಗೇ ಹಾಕಿಟ್ಟಾಗ, ಬಿಸಿ ಹೆಚ್ಚಾದಾಗ ಒಳಗೆ ಅನಿಲ ತುಂಬುತ್ತದೆ. ಅದರ ಮೇಲಿನ ತಗಡು ತೆಳುವಾದದ್ದು, ಚುಚ್ಚಿದರೆ ಬೆಂಕಿ. ಮಿಷಿನ್ನು ಆನ್ ಆಗುತ್ತಿರಲಿಲ್ಲ.

‘ಹೊಸ ಬ್ಯಾಟರಿ ಹಾಕಿಸಿದ್ರಾಯ್ತಲ್ಲೇ’ ಎಂದೆ.

‘ಅದಲ್ಲ ಮಾವ, ಒಳಗೆ ಅಜ್ಜನ ಮಾತಿದೆ’ ಎಂದಳು.

ಅವಳ ಪ್ರಾಜೆಕ್ಟು ಲಿಂಗನಮಕ್ಕಿಯ ಮುಳುಗಡೆಯ ಮೇಲೆ. ಶರಾವತಿಗೆ ಅಡ್ಡಲಾಗಿ ಆ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರಿನ ಪೂರ್ಣ ಮಟ್ಟ 1819 ಅಡಿ. ಮಳೆಗಾಲದಲ್ಲಿ ಪತ್ರಿಕೆ ಓದುವ ಮಲೆನಾಡಿಗರಿಗೆಲ್ಲ ಈ ಸಂಖ್ಯೆ ಬಾಯಿಪಾಠ. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿ, ತೋಟ, ಗದ್ದೆ ಆ ಸಂಖ್ಯೆಯ ಕೆಳಗಿವೆ. ನಾಡಿಗೆ ಕರೆಂಟು ಬಂತು, ಇವರು ಊರು ಬಿಟ್ಟರು. ಹೊಸ ಜಾಗಗಳ ಹಕ್ಕುಪತ್ರದ ತಕರಾರು ಅರವತ್ತು ವರ್ಷ ದಾಟಿದರೂ ಎಲ್ಲರಿಗೂ ಮುಗಿದಿಲ್ಲ. ಆ ಕಾಲವನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಗೆ ಇಳಿದಿದ್ದಾರೆ. ಹುಡುಗಿ ಅಂಥ ಒಂಬತ್ತು ಜನರ ಮನೆಗೆ ಹೋಗಿ, ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ, ಫೋನಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದಳು. ಒಂಬತ್ತರಲ್ಲಿ ಒಬ್ಬ ನನ್ನ ಅಪ್ಪಯ್ಯ. ಅಪ್ಪಯ್ಯ ಹಿಂದಿನ ಆಷಾಢದಲ್ಲಿ ತೀರಿಕೊಂಡ. ಉಳಿದವರಲ್ಲಿ ಇನ್ನೂ ಇಬ್ಬರು ಹೋಗಿದ್ದರು.

ಮುಳುಗಡೆಯ ಬಗ್ಗೆ ಅಪ್ಪಯ್ಯ ನಮ್ಮೆದುರು ಬಾಯಿ ಬಿಟ್ಟವನಲ್ಲ. ಕೇಳಿದರೆ ‘ಅದೆಲ್ಲ ಎಂತಕೆ ಈಗ’ ಎಂದು ಕೊಟ್ಟಿಗೆ ಕಡೆ ಎದ್ದು ಹೋಗುತ್ತಿದ್ದ. ಮೊಮ್ಮಗಳು ಕೇಳಿದಾಗ ಮಾತ್ರ ಒಂದು ಗಂಟೆ ನಲವತ್ತು ನಿಮಿಷ ಮಾತಾಡಿದ್ದನಂತೆ. ಆ ಒಂದು ಗಂಟೆ ನಲವತ್ತು ನಿಮಿಷ ಈಗ ಪ್ಲಾಸ್ಟಿಕ್ ತಳದೊಳಗೆ, ಊದಿದ ಬ್ಯಾಟರಿಯ ಪಕ್ಕ ಇತ್ತು.

ತಳದ ಮುಚ್ಚಳಕ್ಕೆ ಹತ್ತು ಸ್ಕ್ರೂ. ಒಂಬತ್ತು ಬಂದಿದ್ದವು. ಹತ್ತನೆಯದರ ತಲೆಯಲ್ಲಿ ಅಡ್ಡ-ಉದ್ದ ಗೆರೆಗಳ ಬದಲು ಸಣ್ಣದೊಂದು ದುಂಡು ಗುಳಿ ಮಾತ್ರ ಉಳಿದಂತಿತ್ತು. ಹಿಂದಿನ ವರ್ಷ ಪೇಟೆಯ ಯಾವುದೋ ಅಂಗಡಿಯಲ್ಲಿ ಫ್ಯಾನು ಕ್ಲೀನು ಮಾಡಿಸಿದ್ದಳು. ಅಲ್ಲಿ ಯಾರೋ ಅಳತೆಗೆ ಹೊಂದದ ಡ್ರೈವರಿನಲ್ಲಿ ಅದನ್ನು ಕೊರೆದು, ಮೈಮೇಲೆ ದೇವರು ಬಂದವರ ಹಾಗೆ ಬಿಗಿದು ಕಳಿಸಿದ್ದರು. ಈ ಸಲ ಇನ್ನೊಂದು ಅಂಗಡಿಯವರು ‘ಕವರ್ ಒಡೀಬೇಕು, ಡೇಟಾಗೆ ಗ್ಯಾರಂಟಿ ಇಲ್ಲ’ ಎಂದಿದ್ದರಂತೆ. ಒಡೆಯಲು ಮೀಟುವ ಜಾಗ ಬ್ಯಾಟರಿಯ ನೆತ್ತಿಯ ಮೇಲೆಯೇ ಇತ್ತು.

ಸ್ಟಾರ್ ಸ್ಕ್ರೂ ಹೀಗೇಕೆ ಸವೆಯುತ್ತದೆ ಎಂಬುದಕ್ಕೆ ಒಂದು ಕಥೆಯಿದೆ. ಮೊದಲು ಎಲ್ಲ ಸ್ಕ್ರೂಗಳ ತಲೆಗೂ ಒಂದೇ ಗೆರೆ ಇರುತ್ತಿತ್ತು. ಅದರಲ್ಲಿ ಡ್ರೈವರು ಪಕ್ಕಕ್ಕೆ ಜಾರುತ್ತದೆ. ಕಾರ್ಖಾನೆಯಲ್ಲಿ ಯಂತ್ರದಿಂದ ಸರಸರ ಬಿಗಿಯಲು ಅದು ಆಗಿಬರುವುದಿಲ್ಲ. ಅಮೆರಿಕದ ಆರೆಗಾನ್‌ನ ಹೆನ್ರಿ ಫಿಲಿಪ್ಸ್ 1936ರಲ್ಲಿ ಕೂಡುಗೆರೆಯ ತಲೆಗೆ ಪೇಟೆಂಟ್ ಪಡೆದ. ಡ್ರೈವರಿನ ಮೂತಿ ತಾನಾಗಿ ನಡುವಿಗೆ ಬಂದು ಕೂರುವುದು ಇದರ ಹೆಚ್ಚುಗಾರಿಕೆ. ಮೋಟಾರು ಕಾರಿನ ಕಂಪನಿಗಳು ಕೈಚಾಚಿ ಸ್ವೀಕರಿಸಿದವು. ಆದರೆ ಆ ಗುಳಿಯ ಗೋಡೆಗಳು ಇಳಿಜಾರಾಗಿರುತ್ತವೆ. ಜೋರಾಗಿ ತಿರುಗಿಸಿದರೆ ಡ್ರೈವರು ಆ ಇಳಿಜಾರು ಹತ್ತಿ ಮೇಲೆ ಬರುತ್ತದೆ. ಬರುವಾಗ ಗೋಡೆಯ ಅಂಚನ್ನು ಕೆತ್ತಿಕೊಂಡೇ ಬರುತ್ತದೆ. ನಾಲ್ಕು ಸಲ ಹೀಗಾದರೆ ನಾಲ್ಕು ರಸ್ತೆ ಅಳಿಸಿ ಬರೀ ಗುಂಡಿ ಉಳಿಯುತ್ತದೆ. ಬಿಗಿಯುವವನಿಗೆ ವರವಾದದ್ದು ಬಿಚ್ಚುವವನಿಗೆ ಶಾಪ.

ಸಾಗರ ರಸ್ತೆಯಲ್ಲಿ ಒಬ್ಬರು ಹಳೆಯ ರಿಪೇರಿಯವರಿದ್ದಾರೆ. ರೇಡಿಯೋದಿಂದ ಶುರುಮಾಡಿ, ಟೇಪ್‌ರೆಕಾರ್ಡರು, ಟೀವಿ ದಾಟಿ ಈಗ ಮೊಬೈಲು, ಮಿಕ್ಸಿ ಎಲ್ಲ ನೋಡುತ್ತಾರೆ. ಊರಿಗೆಲ್ಲ ಅವರು ಇವತ್ತಿಗೂ ‘ರೇಡಿಯೋ ಸಾಹೇಬರು’. ಕನ್ನಡಕವನ್ನು ಹಣೆಗೇರಿಸಿ, ವಾಚಿನವರ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದೆರಡು ನಿಮಿಷ ನೋಡಿದರು.

‘ಮೇಷ್ಟ್ರೇ, ಇದರ ತಲೆ ಹೋಗಿಲ್ಲ. ಮುಖ ಮಾತ್ರ ಹೋಗಿದೆ’ ಎಂದರು.

ಹುಡುಗಿ ಇಂಟರ್ನೆಟ್ಟಿನಲ್ಲಿ ನೋಡಿದ ಉಪಾಯಗಳನ್ನೆಲ್ಲ ಪಟ್ಟಿ ಮಾಡಿಕೊಂಡು ಬಂದಿದ್ದಳು. ಅವರು ಒಂದೊಂದನ್ನೂ ಕೇಳಿಸಿಕೊಂಡು ಉತ್ತರ ಕೊಟ್ಟರು. ಅಗಲವಾದ ರಬ್ಬರ್ ಬ್ಯಾಂಡನ್ನು ತಲೆಯ ಮೇಲಿಟ್ಟು ಅದರ ಮೇಲೆ ಡ್ರೈವರು ಒತ್ತಿ ತಿರುಗಿಸುವುದು: ಒಳ್ಳೆಯದೇ, ಅರ್ಧ ಸವೆದದ್ದಕ್ಕೆ ಆಗುತ್ತದೆ. ಇದಕ್ಕೆ ಮಾಡಿ ನೋಡಿದರು, ರಬ್ಬರು ಹರಿಯಿತು. ಚಿಕ್ಕ ಗರಗಸದಲ್ಲಿ ತಲೆಗೆ ಹೊಸ ಗೆರೆ ಕೊಯ್ಯುವುದು: ತಲೆ ಹೊರಗೆ ಎದ್ದಿದ್ದರೆ ಆಗುತ್ತಿತ್ತು. ಇದು ಗುಳಿಯೊಳಗೆ ಕೂತಿದೆ, ಮತ್ತೆ ಕಬ್ಬಿಣದ ಪುಡಿ ಒಳಗೆ ಬಿದ್ದರೆ ಬೋರ್ಡು ಶಾರ್ಟು. ಕಾದ ಸೋಲ್ಡರಿಂಗ್ ಕಡ್ಡಿಯನ್ನು ತಲೆಗೆ ಮುಟ್ಟಿಸಿ ಒಳಗಿನ ಅಂಟನ್ನು ಮೆದು ಮಾಡುವುದು: ಬೇರೆ ಹೊತ್ತಿನಲ್ಲಿ ಅವರೂ ಅದನ್ನೇ ಮಾಡುತ್ತಾರಂತೆ. ‘ಪಕ್ಕದಲ್ಲಿ ಊದಿದ ಬ್ಯಾಟ್ರಿ ಇಟ್ಕೊಂಡು ಬಿಸಿ ಮಾಡ್ತಾರೇನಮ್ಮ?’ ತಲೆಯನ್ನೇ ಡ್ರಿಲ್ಲಿನಿಂದ ಕೊರೆದು ಹಾಕುವುದು: ಕೈ ಜಾರಿದರೆ ಅದೂ ಬ್ಯಾಟರಿಗೇ. ಫೆವಿಕ್ವಿಕ್ ಹಾಕಿ ಡ್ರೈವರನ್ನು ಸ್ಕ್ರೂವಿಗೆ ಅಂಟಿಸುವುದು: ಅಂಟು ಪಕ್ಕಕ್ಕೆ ಇಳಿದರೆ ಸ್ಕ್ರೂ ಜನ್ಮಕ್ಕೂ ಬರುವುದಿಲ್ಲ.

‘ಹಾಗಾದ್ರೆ?’ ಎಂದಳು ಹುಡುಗಿ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಸಾಹೇಬರು ಮೂರು ಕೆಲಸ ಮಾಡಿದರು. ಮೊದಲನೆಯದು, ಒಂದು ಹಳೆಯ ಡ್ರೈವರನ್ನು ಹುಡುಕಿ ತೆಗೆದು ಅದರ ಚೂಪು ಮೂತಿಯನ್ನು ಸಾಣೆಕಲ್ಲಿಗೆ ತಿಕ್ಕಿ ಚೂರು ಮೊಂಡು ಮಾಡಿದರು. ಜಪಾನಿನವರ ಸ್ಕ್ರೂ ನೋಡಲು ಫಿಲಿಪ್ಸಿನಂತೆಯೇ ಇದ್ದರೂ ಅದರ ಗುಳಿಯ ಆಕಾರವೇ ಬೇರೆ. ಜಪಾನಿನ ಟೇಪ್‌ರೆಕಾರ್ಡರು ಬಿಚ್ಚಿ ಕಲಿತ ಕೈಗೆ ಇದು ಗೊತ್ತು. ಚೂಪು ಮೂತಿ ಗುಳಿಯ ತಳಕ್ಕೆ ಮೊದಲೇ ತಾಗಿಬಿಟ್ಟರೆ ಡ್ರೈವರಿನ ರೆಕ್ಕೆಗಳು ಗೋಡೆಗೆ ಮುಟ್ಟುವುದೇ ಇಲ್ಲ. ಮೂತಿ ಸ್ವಲ್ಪ ತಗ್ಗಿಸಿದರೆ ರೆಕ್ಕೆ ಆಳಕ್ಕೆ ಇಳಿಯುತ್ತದೆ, ಕೆಳಗೆ ಉಳಿದಿರುವ ಅಷ್ಟಿಷ್ಟು ಗೋಡೆಯನ್ನು ಹಿಡಿಯುತ್ತದೆ. ಎರಡನೆಯದು, ಪಕ್ಕದ ಬೈಕ್ ಗ್ಯಾರೇಜಿನಿಂದ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟನ್ನು ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ತರಿಸಿದರು. ಅದರಲ್ಲಿ ಸಣ್ಣ ಮರಳಿನಂಥ ಹರಳುಗಳಿರುತ್ತವೆ. ಡ್ರೈವರಿನ ಮೂತಿಗೆ ಸವರಿದರೆ ಜಾರುವ ಎರಡು ಲೋಹಗಳ ನಡುವೆ ಹಿಡಿತ ಬರುತ್ತದೆ. ಮೂರನೆಯದು, ಅವರು ಎದ್ದು ನಿಂತರು. ಕೂತು ಇದನ್ನು ಮಾಡಬಾರದಂತೆ. ಮೈಭಾರ ನೇರವಾಗಿ ಕೆಳಕ್ಕೆ ಬೀಳಬೇಕು.

‘ಎಲ್ಲರೂ ತಿರುಗಿಸಕ್ಕೆ ಜೋರು ಹಾಕ್ತಾರೆ ಮೇಷ್ಟ್ರೇ. ಜೋರು ಹಾಕಬೇಕಾದ್ದು ಒತ್ತಕ್ಕೆ. ಹತ್ತಾಣೆ ಒತ್ತಬೇಕು, ಆರಾಣೆ ತಿರುಗಿಸಬೇಕು.’

ಅಂಗೈಯಿಂದ ಡ್ರೈವರಿನ ಹಿಡಿಯನ್ನು ಒತ್ತಿ ಹಿಡಿದು, ಮೊದಲು ಬಲಕ್ಕೆ ಚೂರೇ ಚೂರು ತಿರುಗಿಸಿದರು. ನನಗೆ ಅಕ್ಕಸಾಲಿಗರ ನೆನಪಾಯಿತು. ಹುಡುಗಿ ಉಸಿರು ಬಿಗಿಹಿಡಿದಿದ್ದಳು. ಆಮೇಲೆ ಎಡಕ್ಕೆ. ‘ಟಿಕ್’ ಎಂಬ ಸಣ್ಣ ಸದ್ದು. ಸ್ಕ್ರೂ ಮುರಿಯಿತೋ ಬಿಟ್ಟಿತೋ ನನಗೆ ತಿಳಿಯಲಿಲ್ಲ. ಸಾಹೇಬರ ಮುಖ ನೋಡಿದಾಗ ತಿಳಿಯಿತು.

ಲ್ಯಾಪ್‌ಟಾಪಿನ ತಳಕ್ಕೆ ಸಾಮಾನ್ಯವಾಗಿ ಎರಡು, ಎರಡೂವರೆ ಮಿಲಿಮೀಟರು ದಪ್ಪದ ಸ್ಕ್ರೂ ಹಾಕುತ್ತಾರೆ. ಎರಡೂವರೆಯದಾದರೆ ಒಂದು ಸುತ್ತಿಗೆ ಅದು ಮೇಲೆ ಬರುವುದು 0.45 ಮಿಲಿಮೀಟರು. ಐದು ಮಿಲಿಮೀಟರು ಉದ್ದದ್ದು ಪೂರ್ತಿ ಹೊರಬರಲು ಹನ್ನೊಂದು ಸುತ್ತು ಬೇಕು. ಆ ಹನ್ನೊಂದು ಸುತ್ತನ್ನು ಸಾಹೇಬರು ಒಂದಿಷ್ಟೂ ಅವಸರ ಮಾಡದೆ ಮುಗಿಸಿದರು. ಹೊರಬಂದ ಸ್ಕ್ರೂವಿನ ಮೈಗೆ ನೀಲಿ ಬಣ್ಣದ ಅಂಟು ಹತ್ತಿಕೊಂಡಿತ್ತು. ಅಲುಗಾಟಕ್ಕೆ ಸಡಿಲವಾಗದಿರಲೆಂದು ಕಾರ್ಖಾನೆಯವರೇ ಹಚ್ಚಿರುತ್ತಾರೆ. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಹಠ ಕೊಟ್ಟದ್ದು ಅದೇ.

ಮುಚ್ಚಳ ತೆಗೆದ ಮೇಲೆ ಕೆಲಸ ಬೇಗ ಆಯಿತು. ಬ್ಯಾಟರಿಯ ವಯರು ಕಳಚಿ, ಚೂಪಾದ ಯಾವುದನ್ನೂ ತಾಗಿಸದೆ ಮೆಲ್ಲಗೆ ಎತ್ತಿ, ಹೊರಗಿನ ಮರಳಿನ ಬಾಂಡ್ಲಿಯಲ್ಲಿ ಇಟ್ಟರು. ಅದನ್ನು ಕಸದ ಗಾಡಿಗೆ ಹಾಕುವಂತಿಲ್ಲ, ಶಿವಮೊಗ್ಗಕ್ಕೆ ಹೋಗುವಾಗ ಹಳೇ ಬ್ಯಾಟರಿ ತೆಗೆದುಕೊಳ್ಳುವವರಿಗೆ ಕೊಡುವುದಾಗಿ ಹೇಳಿದರು. ಹಾರ್ಡ್‌ಡಿಸ್ಕನ್ನು ಬಿಡಿಸಿ ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಫೋಲ್ಡರು ತೆರೆಯಿತು. ಒಂಬತ್ತು ಹೆಸರು. ಹುಡುಗಿ ನನ್ನ ಮುಖ ನೋಡಿ, ಕೊನೆಯದನ್ನು ಒತ್ತಿದಳು.

ಮೊದಲು ಕೆಮ್ಮು ಕೇಳಿತು. ಅಪ್ಪಯ್ಯನದೇ ಕೆಮ್ಮು. ಆಮೇಲೆ ಮನೆ ಬಿಚ್ಚಿದ ಕಥೆ. ನೀರು ಬರುವ ಮೊದಲಿನ ಬೇಸಿಗೆಯಲ್ಲಿ ಮನೆಯನ್ನು ಒಡೆಯಲಿಲ್ಲವಂತೆ, ಬಿಚ್ಚಿದರಂತೆ. ‘ಒಡೆಯದು ಬೇರೆ, ಬಿಚ್ಚದು ಬೇರೆ ಮಗಾ’ ಎಂದು ಎರಡು ಸಲ ಹೇಳಿದ್ದಾನೆ. ಕಂಬ, ತೊಲೆಗಳಿಗೆ ಮೊಳೆ ಇರಲಿಲ್ಲ, ಮರದ ಗೂಟ. ಬಡಗಿ ಒಂದೊಂದೇ ಗೂಟವನ್ನು ಹಿಂದಿನಿಂದ ಬಡಿದು ಹೊರಗೆ ತೆಗೆದನಂತೆ. ತೊಲೆಗಳಿಗೆ ಸುಣ್ಣದಲ್ಲಿ ನಂಬರು ಬರೆದು, ಹೆಂಚನ್ನು ಹುಲ್ಲಿನ ನಡುವೆ ಜೋಡಿಸಿ, ಎತ್ತಿನ ಗಾಡಿಯಲ್ಲಿ ಸಾಗಿಸಿದ್ದು. ಹೊಸ ಜಾಗದಲ್ಲಿ ಅದೇ ದಾರಂದ, ಅದೇ ಕಂಬ. ‘ಕಟ್ಟಿದ ಅಜ್ಜ ಬಿಚ್ಚಕ್ಕೆ ಬರೋ ಹಂಗೆ ಕಟ್ಟಿದ್ದ. ಅವಂಗೆ ನೀರು ಬರ್ತದೆ ಅಂತ ಗೊತ್ತಿತ್ತಾ? ಇಲ್ಲ. ಆದ್ರೂ ಹಂಗೇ ಕಟ್ಟದು.’ ನಾನು ಇವತ್ತಿಗೂ ಊಟ ಮಾಡಿ ಒರಗಿ ಕೂರುವ ಕಂಬದ ಕಥೆ ಅದು. ಐವತ್ತು ವರ್ಷ ಒರಗಿದವನಿಗೆ ಆ ಕಂಬ ಗಾಡಿಯಲ್ಲಿ ಬಂದದ್ದೆಂದು ತಿಳಿದದ್ದು ಆವತ್ತು, ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕೂತು.

ಬಿಚ್ಚಲು ಬರುವ ಹಾಗೆ ಕಟ್ಟುವುದು ಈಗ ದೊಡ್ಡ ದೊಡ್ಡವರ ಚರ್ಚೆಯ ವಿಷಯವಾಗಿದೆ. ಇತ್ತೀಚಿನ ಎಷ್ಟೋ ಫೋನು, ಲ್ಯಾಪ್‌ಟಾಪುಗಳಲ್ಲಿ ಸ್ಕ್ರೂವಿನ ಜಾಗಕ್ಕೆ ಅಂಟು ಬಂದಿದೆ. 2009ರಲ್ಲಿ ಆಪಲ್ ಕಂಪನಿ ಐದು ದಳದ ಹೂವಿನಂಥ ತಲೆಯ ಸ್ಕ್ರೂ ತಂದಿತು. ಆಗ ಅದನ್ನು ಬಿಚ್ಚುವ ಡ್ರೈವರು ಊರಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಇದಕ್ಕೆ ಎದುರಾಗಿ ‘ರಿಪೇರಿ ಹಕ್ಕು’ ಎಂಬ ಮಾತು ಹುಟ್ಟಿದೆ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಇದಕ್ಕೊಂದು ಸಮಿತಿ ಮಾಡಿತು. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ನಿಯಮದ ಪ್ರಕಾರ 2027ರ ಫೆಬ್ರುವರಿಯಿಂದ ಅಲ್ಲಿ ಮಾರುವ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ತೆಗೆಯುವಂತಿರಬೇಕು. ನಮ್ಮ ಊರಿನಂಥ ಊರುಗಳಿಗೆ ಇದು ವಾದದ ಮಾತಲ್ಲ. ಇಲ್ಲಿಂದ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿಬರಲು ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ಬೇಕು. ಅಲ್ಲಿ ಹೋದರೂ ‘ಹೊಸದು ತಗೊಳ್ಳಿ’ ಎಂಬ ಉತ್ತರ ಸಿಕ್ಕರೆ, ಸಾಗರ ರಸ್ತೆಯಲ್ಲಿ ಸಾಹೇಬರಂಥವರು ಇರಬೇಕು. ಅವರ ಕೈಗೆ ಸಿಕ್ಕುವ ವಸ್ತುವಿಗೂ ಒಂದು ಗೂಟ ಇರಬೇಕು.

ಸಾಹೇಬರು ಹಳೆಯ ಹಾರ್ಲಿಕ್ಸ್ ಬಾಟಲಿಯಿಂದ ಸ್ಕ್ರೂಗಳನ್ನು ಕಾಗದದ ಮೇಲೆ ಸುರಿದು, ಅದೇ ಅಳತೆಯ ಒಂದನ್ನು ಹೆಕ್ಕಿ ತೆಗೆದರು. ಉದ್ದ ಒಂದು ಚೂರು ಹೆಚ್ಚಾದರೂ ಮದರ್‌ಬೋರ್ಡಿಗೆ ತೂತು ಬೀಳಬಹುದಂತೆ. ಲೆಕ್ಕ ಕೇಳಿದರೆ ‘ಹೊಸ ಸ್ಕ್ರೂಗೆ ಐದು ರೂಪಾಯಿ ಕೊಡಿ’ ಎಂದರು. ತೆಗೆದದ್ದಕ್ಕೆ ಎಂದೆ. ‘ನಮ್ಮ ತಂದೆಯವರದ್ದೂ ಆ ಕಡೇದೇ ಊರು’ ಎಂದಷ್ಟೇ ಹೇಳಿ ಭೂತಗನ್ನಡಿ ಒರೆಸತೊಡಗಿದರು. ನಾನು ಇನ್ನೂರು ರೂಪಾಯಿಯನ್ನು ಬಾಟಲಿಯ ಕೆಳಗೆ ಸಿಕ್ಕಿಸಿ ಬಂದೆ.

ಒಂಬತ್ತು ಜನರ ಮಾತು ಈಗ ಮೂರು ಕಡೆ ಇದೆ. ಒಂದು ಪ್ರತಿ ಹುಡುಗಿಯ ಹತ್ತಿರ, ಒಂದು ನನ್ನ ಕಂಪ್ಯೂಟರಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ ಅಮ್ಮನ ಕಪಾಟಿನಲ್ಲಿ. ಅಜ್ಜಿಯ ಬೆಂಡೋಲೆಯ ಡಬ್ಬಿಯೂ ಅಲ್ಲಿಯೇ ಇದೆ. ಸಾಹೇಬರ ಮಾತು ಕೇಳಿದ ಮೇಲೆ ಹುಡುಗಿಯ ಪಟ್ಟಿಗೆ ಹತ್ತನೆಯ ಹೆಸರೊಂದು ಸೇರಿದೆ. ಅವರ ತಂದೆಗೆ ತೊಂಬತ್ತರ ಹತ್ತಿರ, ಕಿವಿ ಮಂದ, ನೆನಪು ಗಟ್ಟಿ. ಮಳೆ ಹಿಡಿಯುವ ಮೊದಲು ಹೋಗಿಬರಬೇಕು ಎಂದು ಫೋನು ಮಾಡಿದ್ದಳು. ಬರುವ ಭಾನುವಾರ ಎಂದು ಹೇಳಿದ್ದೇನೆ.